ವಿಭೂತಿ ಹುಡುಕಿಕೊಂಡು ಬೆಂಕಿ ಬೆಟ್ಟ ಹತ್ತಿದ್ದು

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮೊಮ್ಮಗ ಪಾಂಪೆಯ ಫೋಟೊ ಹಾಕಿ, ನಮ್ಮ ವಂಶದಲ್ಲಿ ಇಲ್ಲಿಗೆ ಕಾಲಿಟ್ಟವರಲ್ಲಿ ನಾವೇ ಮೊದಲಿಗರು ಎಂದು ಬರೆದ. ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವನ ಮುತ್ತಜ್ಜಿ, ಅಂದರೆ ನನ್ನ ಅತ್ತೆ, ಆ ಊರಿಗೆ ಹೋದಾಗ ಇವನ ಅಪ್ಪನೇ ಹುಟ್ಟಿರಲಿಲ್ಲ. ಸುಮ್ಮನೆ ಹೋಗಿಬರಲಿಲ್ಲ, ಗೆದ್ದುಬಂದರು. ನಾನು ಜೊತೆಗಿದ್ದೆ. ಫೋನಿನಲ್ಲಿ ಕನ್ನಡ ಒತ್ತುವುದನ್ನು ಈಗಷ್ಟೇ ಕಲಿತಿದ್ದೇನೆ. ಒಂದೇ ಬೆರಳು ನಡೆಯುವುದು. ಒತ್ತಕ್ಷರಗಳು ಮಾತು ಕೇಳುವುದಿಲ್ಲ. ಆದರೂ ಬಿಡಲಾರೆ, ಪೂರ್ತಿ ಹೇಳಿಯೇ ತೀರುತ್ತೇನೆ.

ಹಡಗಿನ ಕಿಟಕಿ

ಸ್ವಾತಂತ್ರ್ಯ ಬಂದು ಎರಡು ವರ್ಷವಾಗಿತ್ತು. ನನಗೆ ಹದಿನೆಂಟು. ನನ್ನ ಯಜಮಾನರು ಮದುವೆಯಾದ ವಾರದೊಳಗೆ ಓದಲೆಂದು ಇಂಗ್ಲೆಂಡಿಗೆ ಹೊರಟುಹೋಗಿದ್ದರು. ಅವರ ಮುಖವನ್ನು ನೆನೆಸಿಕೊಂಡರೆ ಬಾಸಿಂಗ ಮಾತ್ರ ಕಾಣುತ್ತಿತ್ತು, ಅದರ ಕೆಳಗಿನದು ಮಸುಕು. ಹೆಂಡತಿಯನ್ನು ಕಳಿಸಿಕೊಡಿ ಎಂದು ಅವರು ಹೇಳಿ ಕಳಿಸಿದಾಗ ಅತ್ತೆ ಪಟ್ಟು ಹಿಡಿದರು.

“ಎಣ್ಣುಡ್ಗೀನ ಒಬ್ಳನ್ನೇ ನೀರ್ ಮ್ಯಾಲೆ ಕಳ್ಸಕ್ಕಾಯ್ತದಾ? ನಾನೇ ಕರ್ಕೊಂಡೋಗಿ ಬಿಟ್ಬುಟ್ಟು ಬತ್ತೀನಿ” ಎಂದರು, ಅರಸೀಕೆರೆ ಸ್ಟೇಷನ್ನಿಗೆ ಹೋಗಿ ಬರುವವರಂತೆ.

ಅತ್ತೆ ಹೊರಟ ಮೇಲೆ ಮಾವನವರೂ ಹೊರಡಲೇಬೇಕಾಯಿತು. ಅವರಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ. ಮಂಡಿಯನ್ನು ತಮ್ಮನಿಗೊಪ್ಪಿಸಿ, ಕೋಟು ಹೊಲಿಸಿಕೊಂಡು, ಬೊಂಬಾಯಿಯಲ್ಲಿ ನಮ್ಮಿಬ್ಬರೊಡನೆ ಹಡಗು ಹತ್ತಿದರು.

ನಮ್ಮದು ಲಿಂಗ ಕಟ್ಟುವ ಮನೆತನ. ಬೆಳಿಗ್ಗೆ ಸ್ನಾನ ಮಾಡಿ, ಕೊರಳಲ್ಲಿರುವ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಧರಿಸಿ ಪೂಜೆ ಮಾಡಿಯೇ ಊಟ. ನಾನು ಹುಡುಗಿ, ಅವಸರವಾದರೆ ಶಿವಾ ಎಂದು ಕೈಮುಗಿದು ಮುಗಿಸುವವಳು. ಅತ್ತೆ ಹಾಗಲ್ಲ. ಹಡಗಿಗೆಂದೇ ಬಟ್ಟೆಚೀಲದ ತುಂಬ ವಿಭೂತಿ ಉಂಡೆ ಕಟ್ಟಿಸಿ ತಂದಿದ್ದರು.

ಕೆಂಪು ಸಮುದ್ರಕ್ಕೆ ಬಂದಾಗ ನಮ್ಮ ಕ್ಯಾಬಿನ್ನು ಒಲೆಯ ಮೇಲಿಟ್ಟ ಹೆಂಚಿನಂತಾಯಿತು. ದುಂಡು ಕಿಟಕಿ ತೆರೆಯಬೇಡಿ, ಅಲೆ ನುಗ್ಗುತ್ತದೆ ಎಂದು ಹಡಗಿನವರು ಹೇಳಿಯೇ ಇದ್ದರು. “ತೆಗೀಬ್ಯಾಡಿ ಅನ್ನೋರು ಕಿಟ್ಕಿ ಯಾಕ್ ಮಡಗವ್ರೆ?” ಎಂದು ಅತ್ತೆ ತೆರೆದರು. ಒಂದೇ ಒಂದು ಅಲೆ ಬಂತು. ಅದು ಹೋದಾಗ ಹಾಸಿಗೆ ಒದ್ದೆ, ಮಾವನವರ ಹೊಸ ಕೋಟು ಒದ್ದೆ, ವಿಭೂತಿ ಅಷ್ಟೂ ಕರಗಿ ನೆಲದ ಮೇಲೆ ಬಿಳಿ ಗಂಜಿಯಂತೆ ಹರಿದಿತ್ತು. ಸದ್ದು ಕೇಳಿ ಓಡಿಬಂದ ಕೆಲಸದವರು ಬೂಟುಗಾಲಿನಲ್ಲಿ ಅದನ್ನು ತುಳಿದುಕೊಂಡೇ ಒಳಗೆ ಬಂದರು.

“ಬಳ್ಕೊಂಡು ಒಣಗಿಸ್ಕೊಳೇ” ಎಂದರು ಮಾವ.

“ಬೂಟ್ನಾಗೆ ತುಳ್ದಿದ್ನ ಲಿಂಗಕ್ಕೆ ಅಚ್ಚಾದಾ? ನಿಮ್ ತಲೆ ನೆಟ್ಗೈತಾ?”

ಅಂದಿನಿಂದ ಅತ್ತೆ ಊಟ ಬಿಟ್ಟರು. ಹಾಲು, ಕಿತ್ತಳೆಹಣ್ಣು, ಅಷ್ಟೇ. ಮಾವ ಬೇಡಿದರು, ಬೈದರು, ತಾವೂ ಉಪವಾಸ ಕೂರುತ್ತೇನೆಂದು ಹೆದರಿಸಿ ಮಧ್ಯಾಹ್ನಕ್ಕೇ ಸೋತು ಊಟದ ಮನೆಗೆ ನಡೆದರು. ಅತ್ತೆಗೆ ಹಾಸಿಗೆಯಿಂದೇಳುವಾಗ ಗೋಡೆ ಹಿಡಿಯುವಂತಾಯಿತು. ಕೈಬಳೆ ಮೊಣಕೈವರೆಗೆ ಜಾರುತ್ತಿತ್ತು. ಕೊನೆಗೆ ಮಾವ ಒಂದು ಮಾತು ಹೇಳಿಬಿಟ್ಟರು.

“ಮುಂದೆ ನೇಪಲ್ಸ್ ಅಂತ ಊರು ಬತ್ತದಂತೆ. ಅಲ್ಲಿಂದ ಹಡ್ಗು ಹೊರಡೋದ್ರೊಳ್ಗೆ ನೀನು ಒಂದೊತ್ತು ಊಟ ಮಾಡ್ಬೇಕು. ಇಲ್ದಿದ್ರೆ ಮೂರೂ ಜನ ಅಲ್ಲೇ ಇಳ್ದು ಬೊಂಬಾಯಿಗೆ ವಾಪಸ್ ಓಗಾನ. ಮಗನ್ ಮಖ ನೋಡಕ್ಕೋಗಿ ನಿನ್ನ ನೀರಿಗಾಕಿ ಬರಕ್ಕೆ ನಾನ್ ತಯಾರಿಲ್ಲ.”

ಅರ್ಧ ದಾರಿ ಬಂದು, ಗಂಡನ ಮುಖ ನೋಡದೆ ಹಿಂದಿರುಗುವುದೇ? ಮಾವನವರ ಮಾತು ತೂಕದ ಕಲ್ಲು, ಆಚೀಚೆ ಆಗುವುದಿಲ್ಲ. ಅತ್ತೆಯ ವ್ರತ ಅದಕ್ಕಿಂತ ಗಟ್ಟಿ. ನಡುವೆ ಸಿಕ್ಕವಳು ನಾನು.

ಊಟದ ಮನೆಯ ಗೋವೆಯವನೊಬ್ಬ ಮಾವನವರಿಗೆ ಸುದ್ದಿ ಕೊಟ್ಟ. ನೇಪಲ್ಸ್ ಪಕ್ಕದಲ್ಲೊಂದು ಬೆಂಕಿ ಬೆಟ್ಟವಿದೆ, ಅದು ಊರಿಗೆ ಊರನ್ನೇ ಬೂದಿಯಲ್ಲಿ ಮುಚ್ಚಿತ್ತು, ಹಡಗು ನಿಂತ ದಿನ ಪ್ರಯಾಣಿಕರನ್ನು ಬಸ್ಸಿನಲ್ಲಿ ಕರೆದೊಯ್ದು ತೋರಿಸುತ್ತಾರೆ ಎಂದು. ಮಾವ ಏದುಸಿರು ಬಿಡುತ್ತ ಬಂದರು.

“ಇವ್ಳೇ, ಏಳು! ಬೆಟ್ಟಕ್ಕೆ ಬೆಟ್ಟಾನೇ ಬೂದಿಯಂತೆ! ಗಾಡಿಗಟ್ಲೆ ತುಂಬ್ಕೊ!”

ಅತ್ತೆ ಎದ್ದು ಕೂತರು. “ಯಾರೂ ಅಚ್ದೆ ತಾನೇ ಉರ್ದಿರೋ ಬೆಂಕಿಯಾ?”

“ತಾನೇ.”

“ಅಂಗಾರೆ ಅದು ಶಿವನ್ದೇ” ಎಂದರು ಅತ್ತೆ. ಹಡಗು ನೇಪಲ್ಸಿನಲ್ಲಿ ನಿಂತ ದಿನ ಬಿಳಿಯರೆಲ್ಲ ಊರು ನೋಡಲು ಬಸ್ಸು ಹತ್ತಿದರೆ, ನಾವು ಮೂವರು ವಿಭೂತಿ ತರಲು ಹತ್ತಿದೆವು.

ಹಳೆಯ ಊರು

ನಮ್ಮ ಗೈಡಿನ ಹೆಸರು ಪೆಪ್ಪಿನೊ. ಹುಲ್ಲಿನ ಟೋಪಿ ಹರಿದಿದ್ದರೂ ಬೂಟು ಕನ್ನಡಿ. ನಮ್ಮನ್ನೆಲ್ಲ ಕುರಿಮಂದೆಯಂತೆ ಎಣಿಸಿ, ಅತ್ತೆಯ ಮುಂದೆ ಬಂದಾಗ ಮಾತ್ರ ಟೋಪಿ ತೆಗೆದು ಬಗ್ಗಿದ. “ಇವ್ನಿಗೆ ಏನ್ ಬೇಕಂತೆ?” ಎಂದರು ಅತ್ತೆ. ಅವನ ಹರಕು ಇಂಗ್ಲಿಷಿಗೂ ಹಾಸನದ ಮಿಡ್ಲ್ ಸ್ಕೂಲಿನ ನನ್ನ ಇಂಗ್ಲಿಷಿಗೂ ಚೆನ್ನಾಗಿ ಹೊಂದಿತು. ತಪ್ಪು ತಪ್ಪಿಗೆ ಕೂಡಿಕೊಂಡಿತು.

ಪಾಂಪೆ ಎಂದರೆ ಛಾವಣಿಯಿಲ್ಲದ ಊರು. ಮನೆ, ಬೀದಿ, ಅಂಗಡಿ ಎಲ್ಲ ಇವೆ, ಜನ ಮಾತ್ರ ಇಲ್ಲ. ಚಪ್ಪಡಿ ಹಾಸಿದ ಬೀದಿಯಲ್ಲಿ ಗಾಡಿಯ ಚಕ್ರ ಉಜ್ಜಿ ಉಜ್ಜಿ ಎರಡು ಸಾಲು ಹಳ್ಳ ಬಿದ್ದಿತ್ತು. ಬಿಳಿಯರು ಅದನ್ನು ಬಗ್ಗಿ ಬಗ್ಗಿ ನೋಡಿ ಓಹೋ ಎಂದರು.

“ಇದ್ನ ನೋಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ?” ಎಂದರು ಮಾವ. “ದುದ್ದದ ಸಂತೆ ದಾರೀಲಿ ಇದ್ಕಿಂತ ಆಳ ಐತೆ.”

ರೊಟ್ಟಿ ಸುಡುವವನ ಅಂಗಳದಲ್ಲಿ ಆಳೆತ್ತರದ ಬೀಸುವ ಕಲ್ಲುಗಳಿದ್ದವು. ಕತ್ತೆ ಕಟ್ಟಿ ತಿರುಗಿಸುತ್ತಿದ್ದರಂತೆ. ಅತ್ತೆ ಕಲ್ಲಿನ ಮೇಲೆ ಕೈಯಾಡಿಸಿ, “ನೋಡಮ್ಮಿ, ಇವ್ರು ಬೀಸಕ್ಕೆ ಕತ್ತೆ ಇಟ್ಕಂಡಿದ್ರು. ನಿಮ್ ಮಾವ ನನ್ನ ಇಟ್ಕಂಡವ್ರೆ” ಎಂದರು. ಉಪವಾಸವಿದ್ದರೂ ನಾಲಿಗೆ ಸೊರಗಿರಲಿಲ್ಲ.

ಆಮೇಲೆ ಪೆಪ್ಪಿನೊ ನಮ್ಮನ್ನೊಂದು ಕೊಠಡಿಗೆ ಕರೆದೊಯ್ದು ದನಿ ತಗ್ಗಿಸಿದ. ಬೂದಿಯಡಿ ಸತ್ತವರ ದೇಹ ಕರಗಿ ಉಳಿದ ಪೊಳ್ಳಿಗೆ ಗಾರೆ ತುಂಬಿಸಿ ತೆಗೆದ ಆಕಾರಗಳು ಅಲ್ಲಿದ್ದವು. ಒಬ್ಬ ಮನುಷ್ಯ ಮೊಣಕಾಲು ಮಡಿಸಿ ಕೂತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ನಮ್ಮಜ್ಜಿಯ ಊರು ಕೊರವಂಗಲದ ಕೆತ್ತನೆಯ ಗುಡಿಯಲ್ಲಿ ಕಲ್ಲಿಗೆ ಜೀವ ಬಂದು ಕುಣಿಯುತ್ತದೆ, ಇಲ್ಲಿ ಜೀವವೇ ಕಲ್ಲಾಗಿ ಕೂತಿತ್ತು. ನಾನು ಮುಖ ತಿರುಗಿಸಿಕೊಂಡೆ.

ಅತ್ತೆ ಮಾತ್ರ ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಕಣ್ಣು ಮಿನುಗುತ್ತಿತ್ತು.

“ಲೇ ಗಿರಿಜಾ, ನೋಡ್ದಾ? ಕೂರ್ಸಿ ಮಣ್ಣು ಮಾಡವ್ರೆ! ಸುಟ್ಟಿಲ್ಲ, ಮಲಗ್ಸಿಲ್ಲ. ಇವ್ನು ನಮ್ಮೋನೇ ಕಣಮ್ಮಿ!”

ನಮ್ಮಲ್ಲಿ ಸತ್ತವರನ್ನು ಕೂರಿಸಿಯೇ ಸಮಾಧಿ ಮಾಡುವುದು, ಸುತ್ತ ವಿಭೂತಿ ತುಂಬುವುದು. ಈ ಮನುಷ್ಯ ಕೂತಿದ್ದಾನೆ, ಸುತ್ತ ಬೂದಿ ತುಂಬಿತ್ತು. ಅತ್ತೆಯ ಲೆಕ್ಕ ಅಲ್ಲಿಗೆ ಸರಿಹೋಯಿತು. ಗಾಳಿ, ಹೊಗೆ, ಉಸಿರುಕಟ್ಟು ಎಂದು ಪೆಪ್ಪಿನೊ ಏನೇನೋ ಹೇಳುತ್ತಿದ್ದ. ನಾನು ಅದನ್ನು ಕನ್ನಡಕ್ಕೆ ತರಲಿಲ್ಲ. ಆ ಬೂದಿ ವಿಭೂತಿಯೇ ಎಂದು ಅತ್ತೆಗೆ ಖಾತ್ರಿಯಾಗುವುದು ನನಗೂ ಬೇಕಾಗಿತ್ತು. ಅತ್ತೆ ಆ ಮನುಷ್ಯನಿಗೆ ಕೈಮುಗಿದು, “ಶಿವನ ಪಾದ ಸೇರಿದ್ಯಲ್ಲಪ್ಪ, ಪುಣ್ಯವಂತ” ಎಂದರು. ಹೂವಿನ ಟೋಪಿಯ ಇಂಗ್ಲಿಷ್ ಮೇಡಂ ಒಬ್ಬರು ಅತ್ತೆಯನ್ನೇ ನೋಡುತ್ತಿದ್ದರು. ಯಾಕೋ ಅವರೂ ಟೋಪಿ ತೆಗೆದರು.

ಬೆಟ್ಟದ ತುದಿ

ಬಸ್ಸು ಕರೀ ಬಂಡೆಗಳ ನಡುವೆ ಸುತ್ತಿ ಸುತ್ತಿ ಹತ್ತಿತು. ಕರಗಿ ಹರಿದು ಹೆಪ್ಪುಗಟ್ಟಿದ ಕಲ್ಲು, ಆಲೆಮನೆಯಲ್ಲಿ ಚೆಲ್ಲಿದ ಬೆಲ್ಲದ ಪಾಕದಂತೆ ಕಾಣುತ್ತಿತ್ತು. ರಸ್ತೆ ಮುಗಿದ ಮೇಲೆ ನಡೆಯಬೇಕು. ನಡೆಯಲಾಗದವರನ್ನು ಹೊತ್ತೊಯ್ಯಲು ಕುರ್ಚಿ ಹಿಡಿದು ಇಬ್ಬರು ಕಾಯುತ್ತಿದ್ದರು.

ಮಾವ, “ಕೂತ್ಕೊಳೇ” ಎಂದರು.

“ನಾನೇನ್ ಉತ್ಸವದ ದೇವ್ರಾ?”

“ಅಂಗಾದ್ರೆ ಇಲ್ಲೇ ಇರು, ನಾನ್ ತತ್ತೀನಿ.”

“ಲಿಂಗಕ್ಕೆ ಧರ್ಸಾದು. ನೀವು ಅದನ್ನೂ ಕೊಬ್ರಿಯಂಗೆ ತೂಕಕ್ಕೆ ತತ್ತೀರ” ಎಂದು ಅತ್ತೆ ನೆರಿಗೆ ಎತ್ತಿ ಸಿಕ್ಕಿಸಿ ನಡೆದೇಬಿಟ್ಟರು.

ರಾಗಿ ರಾಶಿಯ ಮೇಲೆ ಹತ್ತಿದಂತೆ. ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ. ನಾನು ಹಿಂದಿನಿಂದ ಒತ್ತುವುದು, ಮಾವ ಮುಂದಿನಿಂದ ಎಳೆಯುವುದು. ನಡುನಡುವೆ ಅತ್ತೆ ಕೂತು ಕಣ್ಣು ಮುಚ್ಚುವರು, ತುಟಿ ಒಣಗಿ ಬಿಳಿಚುವುದು. ಇನ್ನೇನು ಬಿದ್ದರು ಎಂದುಕೊಂಡರೆ ಮತ್ತೆ ಎದ್ದು ನಮ್ಮನ್ನೇ ಬೈಯುವರು. ದಷ್ಟಪುಷ್ಟವಾಗಿದ್ದ ಬಿಳಿಯರು ಕೆಲವರು ಅರ್ಧದಲ್ಲೇ ಕೂತುಬಿಟ್ಟರು. ಅತ್ತೆ ಅವರನ್ನು ದಾಟಿ ಹೋದರು.

ತುದಿಯಲ್ಲಿ ಕೆರೆಯಷ್ಟು ದೊಡ್ಡ ಬಾಯಿ ತೆರೆದುಕೊಂಡು ಬೆಟ್ಟ ಕೂತಿತ್ತು. ಬಿರುಕುಗಳಿಂದ ಹಬೆ ಬರುತ್ತಿತ್ತು, ಪಟಾಕಿಯ ವಾಸನೆ. ಐದು ವರ್ಷದ ಹಿಂದೆಯೂ ಇದು ಉಗುಳಿತ್ತಂತೆ. ಅತ್ತೆ ಶಿವನಿಗೆ ನಮಸ್ಕಾರ ಮಾಡಿ, ಬಗ್ಗಿ ಒಂದು ಹಿಡಿ ಬೂದಿ ಎತ್ತಿಕೊಂಡರು. ಎರಡು ಬೆರಳಿನ ನಡುವೆ ತಿಕ್ಕಿದರು. ಮೂಸಿದರು. ಮುಂಗೈಗೆ ಸವರಿದರು. ಬಿಳಿ ಪಟ್ಟೆ ಬರಲಿಲ್ಲ, ಕೆಂಪು ಗೀರು ಬಂತು.

ಮಾವ ತುಂಬಿಕೊಳ್ಳಲೆಂದು ಚೀಲದ ಬಾಯಿ ಬಿಡಿಸಿ ಹಿಡಿದಿದ್ದರು.

“ಇದು ಭಸ್ಮ ಅಲ್ಲ ಕಣ್ರೀ” ಎಂದರು ಅತ್ತೆ. “ಕಮ್ಮಾರನ ಕುಲ್ಮೇಲಿ ಬೀಳ್ತದಲ್ಲಾ, ಕಿಟ್ಟ. ಅದು.”

“ಒಸಿ ಜರಡಿ ಹಿಡುದ್ರೆ...” ಎಂದರು ಮಾವ.

“ಕಲ್ನ ಜರಡಿ ಹಿಡುದ್ರೆ ಸಣ್ಣ ಕಲ್ಲಾಯ್ತದೆ.” ಹಿಡಿಯನ್ನು ಚೆಲ್ಲಿ ಬೆಟ್ಟದ ಕಡೆ ತಿರುಗಿದರು. “ಇಷ್ಟು ದೊಡ್ ಮೈ ಇಟ್ಕಂಡು, ಇಷ್ಟು ವರ್ಷ ಉರ್ದು, ಒಂದು ಚಿಟಿಕೆ ಭಸ್ಮ ಮಾಡಕ್ಕಾಗ್ನಿಲ್ವಲ್ಲೋ ನಿನ್ ಕೈಲಿ!”

ಮಾವ ಒಂದು ಬಂಡೆಯ ಮೇಲೆ ಕೂತರು. “ಸರಿ. ವಾಪಸ್ ಓಗಾನ” ಎಂದರು. ಕೆಳಗೆ ಬಂದರಿನಲ್ಲಿ ನಮ್ಮ ಹಡಗು ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು. ನಾನು ಅದನ್ನೇ ನೋಡಿದೆ. ಅತ್ತೆ ನನ್ನ ಮುಖ ನೋಡಿ, “ಯಾಕೆ ಕಣ್ಣೀರು?” ಎಂದರು. ಹಬೆ ಎಂದೆ. ಅವರು ನಂಬಲಿಲ್ಲ. ಇಳಿಯುವಾಗ ನನ್ನ ಕೈ ಬಿಡಲೂ ಇಲ್ಲ.

ದ್ರಾಕ್ಷಿ ತೋಟ

ಬೆಟ್ಟದ ಮಗ್ಗುಲಲ್ಲೇ ಒಂದು ದ್ರಾಕ್ಷಿ ತೋಟ. ಮಧ್ಯಾಹ್ನದ ಊಟ, ವೈನು ಎಲ್ಲ ಅಲ್ಲಿ. ಕಾರ್ಮೆಲಾ ಎಂಬ ಅಜ್ಜಿ ಅದರ ಯಜಮಾನಿ. ಕರಿ ಸೀರೆಯಂಥದ್ದೊಂದು ಲಂಗ, ತಲೆಗೆ ವಸ್ತ್ರ, ಕೈಯಲ್ಲಿ ಸದಾ ಒಂದು ಸೌಟು. ಕೊಯ್ಲಿನ ಕಾಲ. ದೊಡ್ಡ ತೊಟ್ಟಿಯಲ್ಲಿ ದ್ರಾಕ್ಷಿ ಸುರಿದು ಗಂಡಸರು ಮೊಣಕಾಲವರೆಗೆ ಷರಾಯಿ ಮಡಿಸಿ ತುಳಿಯುತ್ತಿದ್ದರು.

ಅತ್ತೆ ಬೆರಗಾಗಿ ನಿಂತರು. “ಅದ್ನೇ ಕುಡೀತಾರಾ? ಕಾಲ್ ತೊಳ್ದವ್ರಾ ಕೇಳು.”

ಕೇಳಿದೆ. ತೊಳೆದಿದ್ದಾರಂತೆ. ಅತ್ತೆಗೆ ನಂಬಿಕೆ ಬರಲಿಲ್ಲ.

ದ್ರಾಕ್ಷಿ ಚಪ್ಪರದ ಕೆಳಗೆ ಮೇಜು ಹಾಕಿ ಎಲ್ಲರಿಗೂ ಲೋಟ ಇಟ್ಟರು. ಈ ವೈನಿಗೆ ಇಲ್ಲಿ ಕ್ರಿಸ್ತನ ಕಣ್ಣೀರು ಎಂದು ಹೆಸರು ಎಂದ ಪೆಪ್ಪಿನೊ. ನಾನು ಅದನ್ನು ಅತ್ತೆಗೆ ಹೇಳಿದೆ.

“ದೇವ್ರು ಅತ್ತಿದ್ನ ಕುಡ್ಕಂಡು ಇವ್ರು ನಗ್ತಾವ್ರಲ್ಲಾ!” ಎಂದು ಅತ್ತೆ ಲೋಟ ದೂರ ಸರಿಸಿದರು. ಮಾವ ಮೂಸಿ ನೋಡಿ, “ಉಳಿ ಬಂದ ಕಬ್ಬಿನಾಲು” ಎಂದು ತೀರ್ಪು ಕೊಟ್ಟರು.

ಎಲ್ಲರೂ ಊಟಕ್ಕೆ ಕೈಹಾಕಿದರು. ಅತ್ತೆಯ ಮುಂದಿನ ತಟ್ಟೆ ಖಾಲಿ. ಮಾವನವರೂ ತಮ್ಮ ತಟ್ಟೆ ಮುಟ್ಟಲಿಲ್ಲ. ಆಗ ಅತ್ತೆ ತಲೆ ಎತ್ತಿ ಚಪ್ಪರದಾಚೆ ನೋಡಿದವರು ಹಾಗೆಯೇ ಎದ್ದು ನಿಂತುಬಿಟ್ಟರು.

“ಗಿರಿಜಾ. ಅಲ್ನೋಡು.”

ಗಾಡಿಯ ಪಕ್ಕ ಒಂದು ಹಸು. ಬೂದು ಮೈ, ಕಪ್ಪು ಮೂತಿ, ಮೇಲಕ್ಕೆ ಚಾಚಿದ ಉದ್ದ ಕೊಂಬು. ನಮ್ಮ ಹಳ್ಳಿಕಾರ್ ತಳಿಯನ್ನೇ ಯಾರೋ ಹಿಡಿದು ತಂದು ಕಟ್ಟಿದಂತಿತ್ತು. ಸುತ್ತ ಹುಲ್ಲಿನ ಮೇಲೆ ಬಿಸಿಲಿಗೆ ಗರಿಗರಿಯಾಗಿ ಒಣಗಿದ ಸಗಣಿ.

ವಿಭೂತಿ ಮಾಡುವುದು ಸಗಣಿಯಿಂದಲೇ ಅಲ್ಲವೇ! ಬೆಂಕಿ ಬೆಟ್ಟ ಎಂದು ಕುಣಿದ ನಮಗೆ ಮೂವರಿಗೂ ಆ ಗಳಿಗೆಯವರೆಗೆ ಅದು ಹೊಳೆದಿರಲಿಲ್ಲ.

“ಸುಡಕ್ ಬತ್ತದಾ ನಿಂಗೆ?” ಎಂದರು ಅತ್ತೆ.

“ಬತ್ತದೆ ಅತ್ತೆ. ಕೊರವಂಗಲದ ನಮ್ಮಜ್ಜಿ ಮನೇಲಿ ಸುಡ್ತಿದ್ರು. ನಾನೇ ಕೂತು ಕಾಯ್ತಿದ್ದೆ.”

ಮುಂದೆ ನಡೆದದ್ದು ಆ ಬಿಳಿಯರಿಗೆ ಜೀವಮಾನವೆಲ್ಲ ಹೇಳಿಕೊಳ್ಳಲು ಸಾಕಾಗಿರಬೇಕು. ಗೋಡೆ ಹಿಡಿದು ನಡೆಯುತ್ತಿದ್ದ ಅತ್ತೆ ಓಡಿದರು. ಸೆರಗು ಸೊಂಟಕ್ಕೆ ಬಿಗಿದು, ಒಣಗಿದ್ದನ್ನು ಆರಿಸಿ ಆರಿಸಿ ಮಡಿಲಿಗೆ ತುಂಬಿಕೊಂಡರು. ಪೆಪ್ಪಿನೊ “ಸಿನ್ಯೋರಾ! ಸಿನ್ಯೋರಾ!” ಎಂದು ಕೂಗುತ್ತ ಹಿಂದೆ ಓಡಿದ. ಅವನ ಹಿಂದೆ ಸೌಟು ಎತ್ತಿಕೊಂಡು ಕಾರ್ಮೆಲಾ. ಬಳ್ಳಿಗೆ ಹಾಕುವ ಗೊಬ್ಬರ ಕದಿಯುತ್ತಿದ್ದಾರೆ ಎಂದು ಆಕೆಯ ದೂರು. ಇಬ್ಬರು ಮುದುಕಿಯರೂ ಎದುರುಬದುರು ನಿಂತರು.

“ನಿನ್ ಸಗ್ಣಿ ನಾನೇನ್ ತಿಂತೀನಾ? ಒಂದು ಹಿಡಿಗೆ ಇಷ್ಟು ಬಾಯ್ ಮಾಡ್ತೀಯಲ್ಲಾ, ನಿಮ್ಮನೇಲಿ ದನ ಎಷ್ಟವೆ?” ಎಂದು ಅತ್ತೆ ಕನ್ನಡದಲ್ಲಿ. ಆಕೆ ಆಕೆಯ ಭಾಷೆಯಲ್ಲಿ. ಕೈಬೀಸುವುದು ಮಾತ್ರ ಇಬ್ಬರದೂ ಒಂದೇ.

ನಾನು ಪೆಪ್ಪಿನೊಗೆ ಇಂಗ್ಲಿಷಿನಲ್ಲಿ ಹೇಳಿದೆ: ಇದನ್ನು ಸುಡಬೇಕು. ಬೂದಿ ದೇವರಿಗೆ. ಹಣೆಗೆ ಹಚ್ಚಿಕೊಂಡರೆ ಆಕೆ ಉಣ್ಣುತ್ತಾಳೆ. ಇಲ್ಲದಿದ್ದರೆ ಉಣ್ಣುವುದಿಲ್ಲ, ನಾನು ಗಂಡನನ್ನು ನೋಡುವುದಿಲ್ಲ. ಅವನು ಅದನ್ನು ಕಾರ್ಮೆಲಾಗೆ ತಿರುಗಿಸಿ ಹೇಳುತ್ತಿದ್ದಂತೆ ಸೌಟು ಕೆಳಗಿಳಿಯಿತು. ಆಕೆ ತನ್ನ ತಲೆಯ ಮೇಲೆ ಬೆರಳಿಟ್ಟು ಏನೋ ಕೇಳಿದಳು. ಅವರ ಪಾದ್ರಿಯೂ ವರ್ಷಕ್ಕೊಂದು ದಿನ ತಲೆಗೆ ಬೂದಿ ಹಾಕಿ, ಮಣ್ಣಿನಿಂದ ಬಂದವಳು ಮಣ್ಣಿಗೆ ಹೋಗುತ್ತೀ ಎನ್ನುತ್ತಾರಂತೆ.

“ವರ್ಷಕ್ಕೊಂದು ದಿನಾನಾ?” ಎಂದರು ಅತ್ತೆ. “ಪರ್ವಾಗಿಲ್ಲ. ಏನೂ ಇಲ್ದಿದ್ಕೆ ಅದಾರೂ ಐತಲ್ಲ.”

ಕಾರ್ಮೆಲಾ ಒಳಗೆ ಓಡಿ ರೊಟ್ಟಿಯ ಗೂಡಿನಿಂದ ಕೆಂಡ ತಂದಳು. ನಾನು ಸಗಣಿಯನ್ನು ಗುಮ್ಮಟದಂತೆ ಪೇರಿಸಿ ಹೊಟ್ಟೆಯಲ್ಲಿ ಕೆಂಡ ಇಟ್ಟೆ. ಇದರ ಗುಟ್ಟು ಒಂದೇ, ಉರಿ ಏಳಬಾರದು. ಉರಿದರೆ ಕರಿ ಬೂದಿ, ಒಳಗೊಳಗೇ ಬೆಂದರೆ ಬಿಳಿ. ಬೆಟ್ಟದ ಗಾಳಿಯೋ ಬೀಸುತ್ತಿತ್ತು. ಒಂದು ಕಡೆ ಮಾವ ಕೋಟು ಬಿಚ್ಚಿ ಹಿಡಿದರು, ಇನ್ನೊಂದು ಕಡೆ ಅತ್ತೆ ಸೆರಗು ಹರಡಿ ನಿಂತರು. ಕಾರ್ಮೆಲಾ ಒಡೆದ ಹೆಂಚುಗಳನ್ನು ತಂದು ಮುಚ್ಚಿದಳು.

ಬೇಯುವುದಕ್ಕೆ ಹೊತ್ತು ಹಿಡಿಯಿತು. ಬಸ್ಸಿನವನು ಹಾರ್ನು ಒತ್ತಿದ. ಟೋಪಿಯ ಮೇಡಂ ಗಡಿಯಾರ ನೋಡಿಕೊಂಡರು. ಹಡಗು ಕಾಯುವುದಿಲ್ಲ ಎಂದು ಯಾರೋ ಗೊಣಗಿದರು. ಪೆಪ್ಪಿನೊ ಇನ್ನೊಂದು ಸುತ್ತು ವೈನು ಬಗ್ಗಿಸಿದ, ಬಸ್ಸಿನವನಿಗೆ ಒಂದು ತಟ್ಟೆ ಊಟ ಕಳಿಸಿದ. ಗೊಣಗು ನಿಂತಿತು. ಮತ್ತೊಂದು ಸುತ್ತಿಗೆ ಹಾಡು ಶುರುವಾಯಿತು. ನಮ್ಮ ಮಠದವರು ಕೇಳಿದರೆ ಏನೆನ್ನುತ್ತಾರೋ ತಿಳಿಯದು, ಆ ದಿನ ವೈನು ಇಲ್ಲದಿದ್ದರೆ ನಮ್ಮ ವಿಭೂತಿ ಬೇಯುತ್ತಲೇ ಇರಲಿಲ್ಲ.

ಹೆಂಚು ತೆಗೆದೆ. ಹಾಲಿನಂಥ ಬಿಳುಪು!

ಹೊಸ ಕರವಸ್ತ್ರದಲ್ಲಿ ಸೋಸಿದೆವು. ಅತ್ತೆ ಬಾವಿಯ ನೀರಿನಲ್ಲಿ ಮಿಂದು ಬಂದು ಚಪ್ಪರದ ಕಲ್ಲಿನ ಮೇಲೆ ಕೂತರು. ಬಿಲ್ವಪತ್ರೆ ಎಲ್ಲಿಂದ ತರುವುದು? ಒಂದು ದ್ರಾಕ್ಷಿ ಎಲೆ ಕಿತ್ತು, “ಇದ್ಕೂ ಮೂರ್ ಮೂಲೆ ಅವೆ. ಶಿವ ಅಡ್ಜಸ್ಟ್ ಮಾಡ್ಕತಾನೆ” ಎಂದರು. ಹಾಗೆನ್ನಲಿಲ್ಲ, ಒಪ್ಕತಾನೆ ಎಂದರು. ಅಡ್ಜಸ್ಟು ನನ್ನದು. ಅಂಗೈಯ ಲಿಂಗಕ್ಕೆ ವಿಭೂತಿ ಧರಿಸಿ ಕಣ್ಣು ಮುಚ್ಚಿದಾಗ ಹಾಡುತ್ತಿದ್ದವರು ತಾವಾಗಿಯೇ ಸುಮ್ಮನಾದರು. ತೊಟ್ಟಿಯಲ್ಲಿ ತುಳಿಯುತ್ತಿದ್ದವರೂ ಕಾಲು ನಿಲ್ಲಿಸಿದರು.

ಕಣ್ಣು ಬಿಟ್ಟವರೇ ಅತ್ತೆ, “ಏನೈತೆ ಊಟಕ್ಕೆ?” ಎಂದರು.

ಟೊಮೆಟೊ ಗೊಜ್ಜು ಹಾಕಿದ ದಪ್ಪ ಶಾವಿಗೆ. “ಬೆಲ್ಲ ಇಲ್ಲ, ಕಾಯಾಲು ಇಲ್ಲ, ಶಾವ್ಗೆಗೆ ಉಳಿ ಉಯ್ದವ್ರಲ್ಲಾ, ಪಾಪ” ಎನ್ನುತ್ತ ಮುಳ್ಳುಚಮಚವನ್ನು ಬದಿಗಿಟ್ಟು ಕೈಯಲ್ಲೇ ತಿಂದರು. ಅದನ್ನು ಕಂಡ ಕಾರ್ಮೆಲಾ ಕುಣಿದಾಡಿಬಿಟ್ಟಳು. ಅವಳ ಅಪ್ಪನ ಕಾಲದಲ್ಲಿ ಎಲ್ಲರೂ ಹೀಗೆ ಕೈಯಲ್ಲೇ ತಿನ್ನುತ್ತಿದ್ದರಂತೆ. ತಾನೂ ಪಕ್ಕದಲ್ಲಿ ಕೂತು, ಕೈಯಿಂದ ಎಳೆ ಎಳೆ ಎತ್ತಿ ಬಾಯಿಗಿಳಿಸಿದಳು. ಅತ್ತೆ ಎರಡನೆಯ ಸಲ ಬಡಿಸಿಕೊಂಡರು. ಮೂರನೆಯ ಸಲ ಕೇಳಿದಾಗ ಮಾವ ಎದ್ದು ಹಸುವಿನ ಹತ್ತಿರ ಹೋಗಿ, ಅದರ ಕತ್ತು ತುರಿಸುತ್ತ ನಮಗೆ ಬೆನ್ನು ಮಾಡಿ ನಿಂತರು. ಭುಜ ಅಲುಗುತ್ತಿತ್ತು.

ಬಂದರು

ಹೊರಡುವಾಗ ಕಾರ್ಮೆಲಾ ಹಣೆ ಮುಂದೆ ಮಾಡಿದಳು. ಅತ್ತೆ ಮೂರು ಬೆರಳಿನಲ್ಲಿ ವಿಭೂತಿ ಎಳೆದರು. ಪೆಪ್ಪಿನೊ ತನಗೂ ಎಂದ. ಆಮೇಲೆ ಟೋಪಿಯ ಮೇಡಂ ಕೂದಲು ಹಿಂದಕ್ಕೆ ಸರಿಸಿ, ನಗುತ್ತ, ತುಸು ತೂರಾಡುತ್ತ ಬಂದರು. ಅವರ ಹಿಂದೆ ಸಾಲೇ ಆಯಿತು. ಅತ್ತೆ ಯಾರನ್ನೂ ಬಿಡಲಿಲ್ಲ. ಮಿಕ್ಕ ಬೂದಿಯನ್ನು ಕಾರ್ಮೆಲಾ ಕೊಟ್ಟ ಹೊಸ ಮಣ್ಣಿನ ಕುಡಿಕೆಗೆ ತುಂಬಿಕೊಂಡೆವು. ಇಂಗ್ಲೆಂಡಿನವರೆಗೆ ಧಾರಾಳವಾಗಿ ಸಾಕು.

ಹಡಗು ಹೊರಡುವ ಸೂಚನೆಯ ಕೂಗು ಹಾಕುತ್ತಿದ್ದಾಗ ಬಂದರಿಗೆ ಮುಟ್ಟಿದೆವು. ಮೆಟ್ಟಿಲ ಬಳಿ ಬಿಳಿ ಸಮವಸ್ತ್ರದ ಅಧಿಕಾರಿ ಹತ್ತುವವರನ್ನು ನೋಡುತ್ತ ನಿಂತಿದ್ದ. ಮೊದಲು ಟೋಪಿಯ ಮೇಡಂ ಹತ್ತಿದರು, ಹಣೆಯಲ್ಲಿ ಮೂರು ಪಟ್ಟೆ. ಹಿಂದೆ ಅವರ ಯಜಮಾನರು, ಮೂರು ಪಟ್ಟೆ. ಅವರ ಹಿಂದೆ ಬೋಳುತಲೆಯವರೊಬ್ಬರು, ಅವರಿಗೆ ಜಾಗ ಜಾಸ್ತಿಯಿದ್ದುದರಿಂದ ಪಟ್ಟೆ ಕಿವಿಯವರೆಗೂ ಹೋಗಿತ್ತು. ಅಧಿಕಾರಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಮಾವನವರು ಮಾತ್ರ ಕೆಳಗೇ ನಿಂತರು. “ನೋಡೇ, ಇನ್ನೂ ಕಾಲ ಮಿಂಚಿಲ್ಲ. ಸುಸ್ತಾಗಿದ್ರೆ ಯೋಳು, ಊರಿಗೇ ಓಗಾನ” ಎಂದರು, ಮುಖದಲ್ಲಿ ನಗು ತಡೆದುಕೊಂಡು.

ಅತ್ತೆ ಕುಡಿಕೆಯನ್ನು ಸೊಂಟಕ್ಕೇರಿಸಿಕೊಂಡು, ಇನ್ನೊಂದು ಕೈಯಿಂದ ನನ್ನನ್ನು ಮುಂದಕ್ಕೆ ತಳ್ಳಿದರು.

“ಓಗೋರು ಓಗ್ಲಿ. ನಂಗೂ ನನ್ ಸೊಸೆಗೂ ಇಂಗ್ಲೆಂಡ್ನಾಗೆ ಕೆಲ್ಸ ಐತೆ” ಎಂದು, ಗೋಡೆ ಹಿಡಿಯದೆ, ಕೈಕಂಬಿ ಮುಟ್ಟದೆ, ದಡದಡನೆ ಹತ್ತಿಬಿಟ್ಟರು.